ಜನಸಂಖ್ಯಾ ನೀತಿ: ಹೆರಿಗೆಯ ಲೆಕ್ಕ ಮಾತ್ರ ಸಾಲದು

ಮದ್ರಸದ ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿದರೆ ನಮಗೆ ಒಂದು ವಿಷಯ ಗೊತ್ತಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಒಂದೇ ಮನೆಯಿಂದ ನಾಲ್ಕೈದು ಮಕ್ಕಳು ಬರುತ್ತಿದ್ದರು. ಇವತ್ತು ಹೆಚ್ಚಿನ ಮನೆಗಳಿಂದ ಬರುವುದು ಇಬ್ಬರು, ಜಾಸ್ತಿ ಅಂದ್ರೆ ಮೂವರು. ಇದು ಯಾವ ಕಾನೂನಿನಿಂದಲೂ ಆದದ್ದಲ್ಲ. ಹೆಣ್ಣುಮಕ್ಕಳು ಓದಿದರು, ಮದುವೆಯ ವಯಸ್ಸು ಮುಂದೆ ಹೋಯಿತು, ಮಕ್ಕಳ ಶಾಲೆಯ ಖರ್ಚು ಏರಿತು. ಅಷ್ಟೇ.

ಆದರೆ ಟಿವಿ ಹಾಕಿದರೆ ಬೇರೆಯೇ ಮಾತು. 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ, ವೇಗವಾಗಿ ಬೆಳೆಯುವ ಜನಸಂಖ್ಯೆಯ ಸವಾಲುಗಳನ್ನು ನೋಡಲು ಉನ್ನತಾಧಿಕಾರ ಸಮಿತಿ ರಚಿಸುವುದಾಗಿ ಹೇಳಿತು. ಅದೇ ವರ್ಷ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳು ಬೇಕು ಎಂದರು. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ಆ ರಾಜ್ಯ ತೆಗೆದೇ ಹಾಕಿತು. ಒಬ್ಬರು ಕಡಿಮೆ ಹೆರಿ ಅಂತಾರೆ, ಇನ್ನೊಬ್ಬರು ಜಾಸ್ತಿ ಹೆರಿ ಅಂತಾರೆ. ಹೆರುವ ತಾಯಿ ಹೇಗಿದ್ದಾಳೆ, ಹುಟ್ಟಿದ ಮಗು ಏನು ಓದುತ್ತದೆ ಎಂದು ಕೇಳುವವರು ಕಡಿಮೆ.

ಲೆಕ್ಕವನ್ನೇ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬ ಮಹಿಳೆಗೆ ಸರಾಸರಿ 2.0 ಮಕ್ಕಳು. ಕರ್ನಾಟಕದಲ್ಲಿ 1.7, ಬಿಹಾರದಲ್ಲಿ 3.0. ಒಂದು ತಲೆಮಾರಿನ ಜಾಗವನ್ನು ಇನ್ನೊಂದು ತಲೆಮಾರು ತುಂಬಲು 2.1 ಸಾಕು. ಯುವಜನರೇ ಹೆಚ್ಚಿರುವುದರಿಂದ ಒಟ್ಟು ಸಂಖ್ಯೆ ಇನ್ನೂ ಕೆಲವು ದಶಕ ಏರುತ್ತದೆ, ನಿಜ. ಮುಸ್ಲಿಮರಲ್ಲಿ 1992–93ರಲ್ಲಿ 4.4 ಇದ್ದದ್ದು ಈಗ 2.4ಕ್ಕೆ ಇಳಿದಿದೆ. ಇತರರಿಗಿಂತ ಇನ್ನೂ ಸ್ವಲ್ಪ ಹೆಚ್ಚು, ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಸಮೀಕ್ಷೆ ಇನ್ನೊಂದು ಮಾತೂ ಹೇಳುತ್ತದೆ: ಶಾಲೆಯ ಮುಖವನ್ನೇ ನೋಡದ ಮಹಿಳೆಯರಲ್ಲಿ ಈ ಸರಾಸರಿ 2.8, ಹನ್ನೆರಡು ವರ್ಷ ಓದಿದವರಲ್ಲಿ 1.8. ಧರ್ಮದ ಬಗ್ಗೆ ಜಗಳ ಆಡುವ ಬದಲು ಶಾಲೆಯ ಬಗ್ಗೆ ಮಾತಾಡುವುದು ಒಳ್ಳೆಯದಲ್ಲವೇ?

1952ರಲ್ಲಿ ಜಗತ್ತಿನಲ್ಲೇ ಮೊದಲು ಸರ್ಕಾರಿ ಕುಟುಂಬ ಯೋಜನೆ ತಂದ ದೇಶ ನಮ್ಮದು. ತುರ್ತು ಪರಿಸ್ಥಿತಿಯಲ್ಲಿ ಒತ್ತಾಯದ ಶಸ್ತ್ರಚಿಕಿತ್ಸೆ ಮಾಡಿ ಜನರ ವಿಶ್ವಾಸ ಕಳೆದುಕೊಂಡದ್ದೂ ನಮ್ಮ ದೇಶವೇ. ಆ ಅನುಭವದ ನಂತರ ಬಂದ 2000ದ ರಾಷ್ಟ್ರೀಯ ಜನಸಂಖ್ಯಾ ನೀತಿ ಬಲವಂತವನ್ನು ಬಿಟ್ಟು, ದಂಪತಿಯ ಸ್ವಂತ ಆಯ್ಕೆ, ತಾಯಿ–ಮಗುವಿನ ಆರೋಗ್ಯ, ಹುಡುಗಿಯರ ಶಾಲೆ, ಇವುಗಳ ಮಾತಾಡಿತು. ಕಾಗದದಲ್ಲಿ ದಾರಿ ಆಗಲೇ ಇದೆ. ನಡೆದದ್ದು ಮಾತ್ರ ಅರ್ಧ. ಇವತ್ತಿಗೂ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 38 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ಸಾವಿರಕ್ಕೆ ಮೂರು ಕಡೆ. ಹೆರುವ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಭಾರವೆಲ್ಲ ಹೆಣ್ಣಿನ ಮೇಲೆ.

ಸುಸ್ಥಿರ ಅಭಿವೃದ್ಧಿ ಎನ್ನುವುದು ತಲೆ ಎಣಿಸಿದರೆ ಬರುವುದಿಲ್ಲ. ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರಿಗೆ ದಿನ ಬಿಟ್ಟು ದಿನ ನೀರು ಬಿಟ್ಟದ್ದನ್ನು ನಾವೇ ನೋಡಿದ್ದೇವೆ. ಮನೆಯಲ್ಲಿ ಮಕ್ಕಳು ಕಡಿಮೆಯಾದರೂ ನೀರಿನ ಕೊರತೆ ಕಡಿಮೆಯಾಗಲಿಲ್ಲ. ನಾವು ಎಷ್ಟು ಜನ ಎನ್ನುವಷ್ಟೇ, ಹೇಗೆ ಬಳಸುತ್ತೇವೆ ಎನ್ನುವುದೂ ಮುಖ್ಯ.

ಇನ್ನೊಂದು ವಿಷಯ ವೃದ್ಧರದ್ದು. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಅಂದಾಜು. ನಮ್ಮ ಕರಾವಳಿಯಲ್ಲಿ ಅದು ಈಗಲೇ ಕಾಣುತ್ತದೆ. ಮಗ ಗಲ್ಫ್‌ನಲ್ಲಿ, ಎರಡು ಮಹಡಿಯ ಮನೆಯಲ್ಲಿ ಉಮ್ಮ ಒಬ್ಬರೇ. ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಕರಕೊಂಡು ಹೋಗುವವರು ನೆರೆಮನೆಯವರು. ದುಡ್ಡಿಲ್ಲದ ಮನೆಗಳ ಕಥೆ ಕೇಳುವುದೇ ಬೇಡ. ಬಡ ವೃದ್ಧರ ಪಿಂಚಣಿಯಲ್ಲಿ 80 ತುಂಬದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಜನಸಂಖ್ಯಾ ನೀತಿ ಎಂದರೆ ಇದೂ ಸೇರಬೇಕು.

ಸರ್ಕಾರಕ್ಕೆ ಹೇಳುವಾಗ ನಮ್ಮ ಪಾಲನ್ನೂ ಮರೆಯಬಾರದು. ಪಿಯುಸಿ ಮುಗಿಸಿದ ಹುಡುಗಿಯನ್ನು ಮನೆಯಲ್ಲಿ ಕೂರಿಸದಿರುವುದು ನಮ್ಮ ಕೈಯಲ್ಲಿದೆ. ಬಾಣಂತಿಗೆ ಎರಡು ಹೆರಿಗೆಯ ನಡುವೆ ಸುಧಾರಿಸಿಕೊಳ್ಳಲು ಸಮಯ ಕೊಡುವುದು ಗಂಡನ ಜವಾಬ್ದಾರಿ ಎಂದು ಜುಮಾದ ದಿನ ಹೇಳಬಹುದು. ಒಂಟಿ ವೃದ್ಧರ ಪಟ್ಟಿಯನ್ನು ಜಮಾಅತ್ ಕಮಿಟಿ ಇಟ್ಟುಕೊಳ್ಳಬಹುದು. ನಾಳೆ ಮತ ಕೇಳಲು ಬಂದವರು ಜನಸಂಖ್ಯೆಯ ಮಾತೆತ್ತಿದರೆ ನಾವು ಮೂರು ಪ್ರಶ್ನೆ ಕೇಳೋಣ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿದ್ದಾರಾ, ಹುಡುಗಿಯರಿಗೆ ಹತ್ತಿರದಲ್ಲಿ ಕಾಲೇಜು ಇದೆಯಾ, ವೃದ್ಧರಿಗೆ ಏನು ವ್ಯವಸ್ಥೆ? ಉತ್ತರ ಕೊಟ್ಟ ಮೇಲೆ ಬೇಕಾದರೆ ತಲೆ ಎಣಿಸಲಿ.