1.20 ಎಂದರೆ ಎಷ್ಟು, ಹೊಣೆ ಯಾರದು?

ಕರ್ನಾಟಕದ ಪಹಣಿಯಲ್ಲಿ ವಿಸ್ತೀರ್ಣ 1.20 ಎಂದಿದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಮಹಾರಾಷ್ಟ್ರದ ಸಾತ್‌ಬಾರಾ ಉತಾರದಲ್ಲಿ ಅದೇ 1.20 ಇದ್ದರೆ ಒಂದು ಹೆಕ್ಟೇರ್ ಇಪ್ಪತ್ತು ಆರ್, ಅಂದರೆ ಹತ್ತಿರ ಹತ್ತಿರ ಮೂರು ಎಕರೆ. ಅಂಕಿ ಒಂದೇ, ಚುಕ್ಕಿ ಒಂದೇ, ಹೊಲ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ಅಫಜಲಪುರದಲ್ಲಿ ಒಂದು ತುಂಡು, ಗಡಿಯಾಚೆ ಅಕ್ಕಲಕೋಟೆಯಲ್ಲಿ ಇನ್ನೊಂದು ತುಂಡು ಇರುವ ಮನೆತನ ಪಾಲು ಮಾಡಿಕೊಳ್ಳಲು ಕುಳಿತಾಗ ಈ ಎರಡೂ ಕಾಗದ ಒಂದೇ ವಕೀಲರ ಮೇಜಿಗೆ ಬರುತ್ತವೆ. ಅನುವಾದದಲ್ಲಿ ಅಂಕಿಯನ್ನು ಹಾಗೇ ಇಳಿಸಿ, ಕಾಲಂ ಶೀರ್ಷಿಕೆಯಲ್ಲಿರುವ ‘ಹೆ.ಆರ್.’ ಎಂಬ ಎರಡು ಸಂಕ್ಷೇಪಾಕ್ಷರಗಳನ್ನು ಬಿಟ್ಟುಬಿಟ್ಟರೆ ಸಾಕು. ಓದುವವರಿಗೆ ಏನೂ ತಪ್ಪಿದಂತೆ ಕಾಣುವುದಿಲ್ಲ.

ಇದಕ್ಕಿಂತ ನಾನು ಹೆಚ್ಚು ಹೆದರುವ ಪದ ‘ಕುಳ’. ಸಾತ್‌ಬಾರಾದಲ್ಲಿ ‘ಕುಳಾಚೆ ನಾವ್’ ಎಂದು ಬರುತ್ತದೆ. ಮರಾಠಿಯಲ್ಲಿ ಕುಳ ಎಂದರೆ ಗೇಣಿದಾರ. ವಂಶ ಎಂಬ ಅರ್ಥವೂ ಉಂಟು. ನಮ್ಮ ಕನ್ನಡದಲ್ಲಿ ‘ಅವನೊಂದು ದೊಡ್ಡ ಕುಳ’ ಎಂದರೆ ದುಡ್ಡಿನವನು. ಯಂತ್ರ ಮಾಡಿದ ಅನುವಾದದಲ್ಲಿ ಇದು ‘ಕುಲದ ಹೆಸರು’ ಎಂದಾಗಿರುವುದನ್ನು ನಾನೇ ಎರಡು ಕಡತಗಳಲ್ಲಿ ನೋಡಿದ್ದೇನೆ. ಗೇಣಿದಾರ ಹೋಗಿ ಮನೆದೇವರ ಗೋತ್ರದಂಥದ್ದೇನೋ ಬಂದು ಕೂತಿತ್ತು. 1948ರ ಮುಂಬಯಿ ಗೇಣಿ ಕಾಯ್ದೆಯ ಪ್ರಕಾರ 1957ರ ಏಪ್ರಿಲ್ 1ಕ್ಕೆ ಉಳುವವನೇ ಭೂಮಿ ಕೊಂಡವನೆಂದು ಪರಿಗಣಿತನಾದ; ಹಾಗೆ ಬಂದ ಜಮೀನಿನ ಮಾರಾಟಕ್ಕೆ ಕಲಂ 43ರ ನಿರ್ಬಂಧಗಳಿವೆ. ಆ ಒಂದು ಪದ ಕಳೆದರೆ, ‘ಹಕ್ಕು ನಿರಾತಂಕವಾಗಿದೆ’ ಎಂದು ಕೊಳ್ಳುವವರಿಗೆ ವಕೀಲರು ಬರೆದುಕೊಡುವ ಅಭಿಪ್ರಾಯದ ಬುಡವೇ ಕಳೆದಂತೆ.

ಪುಣೆಯ ಕೊಂಢವಾದ ಬಾಡಿಗೆ ಮನೆಯೊಂದರಲ್ಲಿ ಕುಳಿತು ಇಂಥ ಕಾಗದಗಳನ್ನು ಮರಾಠಿ, ಕನ್ನಡ, ಇಂಗ್ಲಿಷುಗಳ ನಡುವೆ ದಾಟಿಸುವುದು ನನ್ನ ಹೊಟ್ಟೆಪಾಡು. ನಮ್ಮ ಓಣಿಯ ಝೆರಾಕ್ಸ್ ಅಂಗಡಿಯೂ ಈಗ ‘ಎಲ್ಲಾ ಭಾಷೆಗಳ ಅನುವಾದ, ನೋಟರಿ ಸಮೇತ’ ಎಂಬ ಫಲಕ ಹಾಕಿದೆ, ಹತ್ತು ನಿಮಿಷಕ್ಕೆ ಕೊಡುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ದೊಡ್ಡ ಕಚೇರಿಗಳು ಕಂಡುಕೊಂಡಿರುವ ಹೊಸ ಪದ್ಧತಿಯ ಮೇಲೆ. ಎರಡು ವರ್ಷಗಳಿಂದ ನನಗೆ ಬರುವ ಕಡತಗಳಲ್ಲಿ ಅರ್ಧದಷ್ಟು ಆಗಲೇ ‘ಅನುವಾದವಾಗಿ’ ಬರುತ್ತಿವೆ. ‘ಸ್ವಲ್ಪ ಕಣ್ಣಾಡಿಸಿ, ನಿಜ ಅನುವಾದ ಅಂತ ಪ್ರಮಾಣಪತ್ರ ಹಾಕಿ ಕಳಿಸಿ’ ಎಂಬ ಸಾಲು ಜೊತೆಗಿರುತ್ತದೆ. ದರ ಮೊದಲಿನ ಮೂರನೇ ಒಂದು ಭಾಗ. ಕಳೆದ ವರ್ಷ ಒಂದು ಕಚೇರಿ (ಹೆಸರು ಬೇಡ) ಕಳಿಸಿದ ಕರಾರಿನಲ್ಲಿ, ಅನುವಾದದಿಂದ ಕಕ್ಷಿದಾರರಿಗೆ ಆಗುವ ಯಾವುದೇ ನಷ್ಟವನ್ನು ಅನುವಾದಕರೇ ತುಂಬಿಕೊಡಬೇಕೆಂಬ ಷರತ್ತಿತ್ತು. ಪುಟಕ್ಕೆ ಎಪ್ಪತ್ತು ರೂಪಾಯಿಗೆ, ಕೋಟಿ ಬೆಲೆಯ ಹೊಲದ ಹೊಣೆ! ನಾನು ಸಹಿ ಮಾಡಲಿಲ್ಲ. ಯಾರೋ ಮಾಡಿರುತ್ತಾರೆ.

ಇಂಥ ಷರತ್ತಿನಿಂದ ತಾವು ಪಾರಾದೆವೆಂದು ಕಚೇರಿಗಳು ನಂಬಿದ್ದರೆ ಅದು ಭ್ರಮೆ ಎಂಬುದು ನನ್ನ ವಾದ. ಕಕ್ಷಿದಾರರ ಒಪ್ಪಂದ ಇರುವುದು ಕಚೇರಿಯ ಜೊತೆ, ಕೊಂಢವಾದ ಯಾವುದೋ ಅನುವಾದಕರ ಜೊತೆ ಅಲ್ಲ. ನಷ್ಟವಾದವರು ಮೊದಲು ಬಾಗಿಲು ಬಡಿಯುವುದು ಕಚೇರಿಯದ್ದು. ಆಮೇಲೆ ಕಚೇರಿ ನನ್ನ ಬಾಗಿಲು ಬಡಿದರೆ ಸಿಗುವುದು ಒಂದು ಲ್ಯಾಪ್‌ಟಾಪು ಮತ್ತು ನಾಲ್ಕು ನಿಘಂಟು.

‘ವಕೀಲರ ಮೇಲೆ ಯಾರೂ ದಾವೆ ಹಾಕುವಂತಿಲ್ಲ, ಸುಪ್ರೀಂ ಕೋರ್ಟೇ ಹೇಳಿದೆ’ ಎಂಬ ಮಾತು ಇತ್ತೀಚೆಗೆ ಬಹಳ ಕೇಳುತ್ತೇನೆ. ಹೇಳಿದ್ದು ಅದಲ್ಲ. ಬಾರ್ ಆಫ್ ಇಂಡಿಯನ್ ಲಾಯರ್ಸ್ ವಿರುದ್ಧ ಡಿ.ಕೆ. ಗಾಂಧಿ ಪ್ರಕರಣದಲ್ಲಿ 2024ರ ಮೇ 14ರಂದು ನ್ಯಾಯಾಲಯ ಹೇಳಿದ್ದು, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಬರುತ್ತದೆ ಎಂದಿತ್ತು, ಅದು ರದ್ದಾಯಿತು. ಮುಚ್ಚಿದ್ದು ಗ್ರಾಹಕ ವೇದಿಕೆಯ ಬಾಗಿಲು. ಸಿವಿಲ್ ಕೋರ್ಟಿನ ಬಾಗಿಲು ತೆರೆದೇ ಇದೆ. 1926ರ ಲೀಗಲ್ ಪ್ರಾಕ್ಟೀಷನರ್ಸ್ (ಫೀಸ್) ಕಾಯ್ದೆಯ 5ನೇ ಕಲಂ, ವಕೀಲನೆಂಬ ಒಂದೇ ಕಾರಣಕ್ಕೆ ನಿರ್ಲಕ್ಷ್ಯದ ದಾವೆಯಿಂದ ವಿನಾಯಿತಿ ಇಲ್ಲವೆಂದು ನೂರು ವರ್ಷದ ಹಿಂದೆಯೇ ಹೇಳಿದೆ. ಕರ್ನಾಟಕದಿಂದ ಹೋದ ಎಂ. ವೀರಪ್ಪ ವಿರುದ್ಧ ಎವ್ಲಿನ್ ಸಿಕ್ವೇರಾ ಪ್ರಕರಣದಲ್ಲೂ (1988) ಸುಪ್ರೀಂ ಕೋರ್ಟ್ ಆ ಕಲಮನ್ನು ಹಾಗೆಯೇ ಓದಿತು. ನಮ್ಮಲ್ಲಿ ಇಂಥ ದಾವೆಗಳು ಕಡಿಮೆ ಅನ್ನುವುದು ನಿಜ. ಸಿವಿಲ್ ದಾವೆ ಎಷ್ಟು ನಿಧಾನ ಎಂದು ಎಲ್ಲರಿಗೂ ಗೊತ್ತು. ಆದರೆ ನಿಧಾನವನ್ನು ರಕ್ಷಣೆ ಎಂದುಕೊಳ್ಳಬಾರದು.

ವಕೀಲಿ ವೃತ್ತಿಯ ಹೊಸ ಅಪಾಯ ಎಂದ ತಕ್ಷಣ ಎಲ್ಲರೂ ನೆನೆಸುವುದು ಇಲ್ಲದ ತೀರ್ಪುಗಳ ಕತೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹೊಸೆದ ತೀರ್ಪುಗಳನ್ನು ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ನಮ್ಮ ಬೆಂಗಳೂರೇನೂ ಹಿಂದೆ ಬಿದ್ದಿಲ್ಲ. 2024ರ ಕೊನೆಯಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಕೊಟ್ಟ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳಿದ್ದವು, ಆದೇಶ ಹಿಂಪಡೆಯಬೇಕಾಯಿತು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು, ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಆಧಾರವಾಗಿಸಿಕೊಂಡ ಸಿಟಿ ಸಿವಿಲ್ ನ್ಯಾಯಾಧೀಶರೊಬ್ಬರ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೇಳಿತು. ಸುದ್ದಿಗೆ ಒಳ್ಳೆಯ ಸರಕು.

ಆದರೆ ಗಮನಿಸಿ, ಇವೆಲ್ಲ ಸಿಕ್ಕಿಬಿದ್ದವು. ತೀರ್ಪಿಗೊಂದು ಸಂಖ್ಯೆ ಇರುತ್ತದೆ, ಎದುರು ಪಕ್ಷದವರು ಹುಡುಕುತ್ತಾರೆ, ಸಿಗದಿದ್ದರೆ ಕೂಗುತ್ತಾರೆ. ‘ಕುಳ’ ‘ಕುಲ’ವಾಗಿದ್ದು ಹುಡುಕಾಟದಲ್ಲಿ ಸಿಗುವುದಿಲ್ಲ. ಅದನ್ನು ಹಿಡಿಯಲು ಎರಡೂ ಭಾಷೆ ಬಲ್ಲವರು ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರಬೇಕು. ಕಚೇರಿ ಆ ಕೂರುವಿಕೆಗೇ ದುಡ್ಡು ಕಡಿತ ಮಾಡಿದೆ. ತಪ್ಪು ಹೊರಬರುವುದು ಐದಾರು ವರ್ಷದ ನಂತರ, ಗೇಣಿದಾರನ ಮೊಮ್ಮಗ ಅರ್ಜಿ ಹಾಕಿದಾಗ. ಅಷ್ಟರಲ್ಲಿ ಕಡತ ನೋಡಿದ ಜೂನಿಯರ್ ಬೇರೆ ಊರಿನಲ್ಲಿರುತ್ತಾರೆ.

ಗುಟ್ಟಿನ ವಿಷಯವೂ ಇದೆ. 1872ರ ಸಾಕ್ಷ್ಯ ಕಾಯ್ದೆ ವಕೀಲರ ಗೋಪ್ಯತೆಯ ಕಟ್ಟಳೆಯನ್ನು ದುಭಾಷಿಗಳಿಗೂ ಗುಮಾಸ್ತರಿಗೂ ಹೊಂದಿಸಿತ್ತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದನ್ನು ಉಳಿಸಿಕೊಂಡಿದೆ. ನೂರೈವತ್ತು ವರ್ಷದ ಹಿಂದೆ ಬ್ರಿಟಿಷರಿಗೆ ಹೊಳೆದಿತ್ತು, ಈ ದೇಶದಲ್ಲಿ ವಕೀಲ ಮತ್ತು ಕಕ್ಷಿದಾರರ ನಡುವೆ ಮೂರನೆಯವರೊಬ್ಬರು ಇದ್ದೇ ಇರುತ್ತಾರೆಂದು. ವಿಚ್ಛೇದನದ ಅರ್ಜಿ, ವೈದ್ಯಕೀಯ ವರದಿ, ಆಧಾರ್ ಪ್ರತಿಗಳನ್ನು ಯಾವುದೋ ಪುಕ್ಕಟೆ ಆ್ಯಪಿಗೆ ಏರಿಸುವ ಜೂನಿಯರ್‌ಗೆ ಅದು ಹೊಳೆಯುತ್ತಿಲ್ಲ. ಆ್ಯಪು ಈ ಕಲಮಿನ ದುಭಾಷಿಯೇ? ನನ್ನ ಓದಿನಲ್ಲಿ ಅಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಂತೂ ನೇರವಾಗಿದೆ. ಕಾನೂನು ಹಕ್ಕು ಜಾರಿಗೆ ಬೇಕಾದ ದತ್ತಾಂಶಕ್ಕೆ ಹಲವು ವಿನಾಯಿತಿ ಕೊಟ್ಟರೂ, ಎರಡನ್ನು ಬಿಟ್ಟುಕೊಟ್ಟಿಲ್ಲ: ಒಂದು, ಕಾಗದ ಕಾಪಾಡುವ ಕರ್ತವ್ಯ, ಇನ್ನೊಂದು, ಹೊರಗಿನವರಿಂದ ಮಾಡಿಸಿದ ಕೆಲಸಕ್ಕೂ ಮಾಡಿಸಿದವರೇ ಹೊಣೆ, ಏನೇ ಕರಾರು ಬರೆದುಕೊಂಡಿದ್ದರೂ. ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಮುಖ್ಯ ಬಾಧ್ಯತೆಗಳಿಗೆ ಹದಿನೆಂಟು ತಿಂಗಳ ಗಡುವಿದೆ. ನನಗೆ ಬಂದ ಎಪ್ಪತ್ತು ರೂಪಾಯಿಯ ಕರಾರು ಈ ಕಾಯ್ದೆಯ ಮುಂದೆ ಎಷ್ಟು ತೂಗುತ್ತದೋ ನೀವೇ ಲೆಕ್ಕ ಹಾಕಿ.

ವಿಮೆ ಮಾಡಿಸಿ ಎನ್ನುವವರಿದ್ದಾರೆ. ಮಾಡಿಸಲಿ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಕಚೇರಿ ತೆರೆಯಲು ಕನಿಷ್ಠ 20 ಲಕ್ಷ ಪೌಂಡಿನ ವೃತ್ತಿ ವಿಮೆ ಕಡ್ಡಾಯ, ಕಂಪನಿ ರೂಪದ ಸಂಸ್ಥೆಗಳಿಗೆ 30 ಲಕ್ಷ. ನಮ್ಮಲ್ಲಿ ಕಡ್ಡಾಯವಿಲ್ಲ. ಕಡ್ಡಾಯವಾದರೂ ವಿಮೆ ಕೊಡುವುದು ದುಡ್ಡು, ಹೊಲವನ್ನಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಶಿವಾಜಿನಗರ ಕೋರ್ಟಿನ ಸಣ್ಣ ವಕೀಲರಿಗೆ, ಅವರ ಬಡ ಕಕ್ಷಿದಾರರಿಗೆ, ಮನುಷ್ಯ ಅನುವಾದಕರ ದರ ಎಟುಕುವುದಿಲ್ಲ. ಯಂತ್ರ ಇಲ್ಲದಿದ್ದರೆ ಅವರು ತಮ್ಮ ಕಾಗದ ಓದಲಿಕ್ಕೇ ಆಗುವುದಿಲ್ಲ. ಒಪ್ಪುತ್ತೇನೆ. ನಾನೂ ಕರಡಿಗೆ ಯಂತ್ರ ಬಳಸುತ್ತೇನೆ, ಇನ್ನೂರು ಪುಟದಲ್ಲಿ ಯಾವುದು ಮುಖ್ಯ ಎಂದು ಹುಡುಕಲು ಅದು ಒಳ್ಳೆಯ ಆಳು. ಕೇರಳ ಹೈಕೋರ್ಟು 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗಾಗಿ ಹೊರಡಿಸಿದ ನೀತಿಯೂ ಯಂತ್ರಾನುವಾದವನ್ನು ಬೇಡ ಎನ್ನಲಿಲ್ಲ. ಅರ್ಹ ಅನುವಾದಕರು ಅಥವಾ ನ್ಯಾಯಾಧೀಶರು ಪರಿಶೀಲಿಸಲೇಬೇಕು ಎಂದಿತು. ಹಾಗಾಗಿ ಯಂತ್ರವನ್ನು ಬಳಸಿದರೆ ಬಳಸಿದೆವೆಂದು ಕಕ್ಷಿದಾರರಿಗೆ ಬರೆದು ತಿಳಿಸಲಿ. ಅಳತೆ, ಹೆಸರು, ದಿನಾಂಕ, ಹಕ್ಕಿನ ಕಾಲಂ ಇಷ್ಟನ್ನಾದರೂ ಮನುಷ್ಯರು ಮೂಲದೊಂದಿಗೆ ತಾಳೆ ನೋಡಲಿ, ನೋಡಿದವರ ಹೆಸರು ಕಡತದಲ್ಲಿರಲಿ. ಓದುವುದಕ್ಕೆ ಬೇರೆ ದರ, ಬೇರೆ ಸಮಯ ಕೊಡಲಿ. ಕಾಗದ ಯಾವ ತಂತ್ರಾಂಶಕ್ಕೆ ಹೋಗಬಹುದು ಎಂಬುದನ್ನು ಜೂನಿಯರ್ ಅಲ್ಲ, ಪಾಲುದಾರರು ತೀರ್ಮಾನಿಸಲಿ.

ನನ್ನ ಮಟ್ಟಿಗೆ, ಈಗ ಪ್ರಮಾಣಪತ್ರದ ಪಠ್ಯ ಬದಲಿಸಿದ್ದೇನೆ. ಕರಡು ಯಾರದ್ದು, ಯಾವ ಪುಟಗಳನ್ನು ಮೂಲದೊಂದಿಗೆ ಹೋಲಿಸಿ ಓದಿದೆ, ಯಾವುದನ್ನು ಓದಿಲ್ಲ ಎಂದು ಅದರಲ್ಲೇ ಬರೆಯುತ್ತೇನೆ. ನಷ್ಟದ ಹೊಣೆ ನನ್ನ ಸಂಭಾವನೆಯ ಮೊತ್ತವನ್ನು ಮೀರದು ಎಂಬ ಸಾಲೂ ಇದೆ. ಒಂದು ಕಚೇರಿ ಇದನ್ನು ಒಪ್ಪಿ ಸಹಿ ಹಾಕಿದೆ. ಉಳಿದವರ ಉತ್ತರಗಳಲ್ಲಿ ಇನ್ನೂ ದರದ ಮಾತಷ್ಟೇ ಇದೆ.