ಜಗಜ್ಜಟ್ಟಿಗಳ ಪಟ್ಟಿಯಲ್ಲಿ ನಮ್ಮವರೇಕಿಲ್ಲ?

ಪಟ್ಟಂದೂರು ಅಗ್ರಹಾರದಲ್ಲಿ ಈಗ ಅಗ್ರಹಾರ ಉಳಿದಿರುವುದು ಹೆಚ್ಚಾಗಿ ಹೆಸರಿನಲ್ಲಿ. ಸುತ್ತ ಐಟಿಪಿಎಲ್‌ನ ಗಾಜಿನ ಗೋಪುರಗಳು, 2023ರ ಮಾರ್ಚ್‌ನಿಂದ ಮೆಟ್ರೊ ನಿಲ್ದಾಣ. ಸಂಜೆಯ ರೈಲಿನಲ್ಲಿ ಕಾಲೇಜು ಬಿಟ್ಟ ಹುಡುಗರು ಫೋನನ್ನು ಅಡ್ಡಡ್ಡ ಹಿಡಿದು, ಎರಡೂ ಹೆಬ್ಬೆರಳು ಕುಣಿಸುತ್ತಾ ಕೂತಿದ್ದರೆ, ಇದ್ದಕ್ಕಿದ್ದಂತೆ ‘ಚಿಕನ್ ಡಿನ್ನರ್!’ ಎಂದು ಕೂಗಿದರೆ ಗಾಬರಿಯಾಗಬೇಡಿ. ಅಗ್ರಹಾರಕ್ಕೆ ಅಪಚಾರವೇನೂ ಆಗಿಲ್ಲ. ಆಟದಲ್ಲಿ ಕೊನೆಯವರೆಗೆ ಬದುಕುಳಿದವರ ಫೋನಿನ ಪರದೆಯ ಮೇಲೆ ಮೂಡುವ ಅಭಿನಂದನೆ ಅದು, ಸಸ್ಯಾಹಾರಿಗಳಿಗೂ ಅದೇ.

ಆಟದ ಹೆಸರು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’, ಹುಡುಗರ ಬಾಯಲ್ಲಿ ಬಿಜಿಎಂಐ. ಅಪ್ಪ ಅಮ್ಮಂದಿರಿಗೆ ಅದರ ಹಳೆಯ ಹೆಸರೇ ಚೆನ್ನಾಗಿ ಗೊತ್ತು: ಪಬ್‌ಜಿ. 2019ರ ಜನವರಿಯಲ್ಲಿ ದಿಲ್ಲಿಯ ‘ಪರೀಕ್ಷಾ ಪೆ ಚರ್ಚಾ’ ಸಭೆಯಲ್ಲಿ ತಾಯಿಯೊಬ್ಬರು ಮಗನ ಆನ್‌ಲೈನ್ ಆಟದ ಗೀಳಿನ ಬಗ್ಗೆ ಹೇಳಿಕೊಂಡಾಗ, ಇವನು ಪಬ್‌ಜಿಯವನೇ ಎಂದು ಪ್ರಧಾನಿ ಕೇಳಿ ಸಭೆಯೆಲ್ಲ ನಕ್ಕಿತ್ತು. ಮನೆಮನೆಯ ಜಗಳ ಅಂದು ರಾಷ್ಟ್ರೀಯ ಸುದ್ದಿಯಾಯಿತು.

ಜಗಳದಲ್ಲಿ ಮಕ್ಕಳು ಹೂಡುವ ವಾದ ಸಾಮಾನ್ಯವಾಗಿ ಒಂದೇ. ಇದಕ್ಕೂ ವಿಶ್ವ ಚಾಂಪಿಯನ್‌ಷಿಪ್ ಇದೆ, ಲಕ್ಷ ಲಕ್ಷ ಡಾಲರ್ ಬಹುಮಾನ ಇದೆ, ಕ್ರಿಕೆಟ್ ಆಡಿದರೆ ಬೈಯುತ್ತೀರಾ? ವಾದದಲ್ಲಿ ಸುಳ್ಳಿಲ್ಲ. ಹಾಗಾದರೆ ಇದುವರೆಗೆ ಗೆದ್ದವರು ಯಾರು, ಎಲ್ಲಿಯವರು ಎಂದು ನೋಡೋಣ. ಮಕ್ಕಳಿಗೆ ಇದು ಬಾಯಿಪಾಠವಾಗಿರಬಹುದು. ಈ ವಾರ ಹಿರಿಯರೂ ಸ್ವಲ್ಪ ಓದಿಕೊಳ್ಳಲಿ.

ಮೊದಲು ಆಟದ ಬಗ್ಗೆ ಎರಡು ಮಾತು. ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವನ ಕಲ್ಪನೆಯನ್ನು ದಕ್ಷಿಣ ಕೊರಿಯಾದ ಕಂಪನಿಯೊಂದು 2017ರಲ್ಲಿ ಕಂಪ್ಯೂಟರ್ ಆಟವಾಗಿಸಿತು. ಮರುವರ್ಷ ಚೀನಾದ ಟೆನ್ಸೆಂಟ್ ಅದನ್ನು ಫೋನಿಗೆ ಇಳಿಸಿತು. ಆಟಗಾರರು ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ದ್ವೀಪವೊಂದಕ್ಕೆ ಹಾರುತ್ತಾರೆ. ಕೈಯಲ್ಲಿ ಏನೂ ಇರುವುದಿಲ್ಲ. ಪಾಳುಮನೆಗಳಲ್ಲಿ ಬಂದೂಕು, ಮದ್ದು ಹುಡುಕಿಕೊಳ್ಳಬೇಕು. ಅಷ್ಟರಲ್ಲಿ ಸುರಕ್ಷಿತ ಜಾಗದ ವೃತ್ತ ಕಿರಿದಾಗುತ್ತಾ ಬರುತ್ತದೆ. ಹೊರಗೆ ಉಳಿದವರು ಸಾಯುತ್ತಾರೆ, ಒಳಗೆ ಬಂದವರು ಪರಸ್ಪರ ಗುಂಡು ಹಾರಿಸುತ್ತಾರೆ. ಪಂದ್ಯಾವಳಿಗಳಲ್ಲಿ ತಲಾ ನಾಲ್ವರ ಹದಿನಾರು ತಂಡ, ಅಂದರೆ 64 ಮಂದಿ.

ಜಾಗತಿಕ ಮಟ್ಟದ ಮೊದಲ ದೊಡ್ಡ ಕೂಟ 2018ರ ಕೊನೆಗೆ ದುಬೈನಲ್ಲಿ ನಡೆಯಿತು. ಗೆದ್ದದ್ದು ಥಾಯ್ಲೆಂಡಿನ ಆರ್‌ಆರ್‌ಕ್ಯೂ ಅಥೀನಾ. 2019ರ ಜುಲೈನಲ್ಲಿ ಬರ್ಲಿನ್‌ನಲ್ಲಿ ಚೀನಾದ ಟಾಪ್ ಈಸ್ಪೋರ್ಟ್ಸ್ ಗೆದ್ದಿತು. ಅಲ್ಲಿಗೆ ನಮ್ಮ ದೇಶದಿಂದ ಹೋಗಿದ್ದ ತಂಡದ ಹೆಸರು ‘ಸೋಲ್’. ಕನ್ನಡದಲ್ಲಿ ಓದಿದರೆ ಅಪಶಕುನದಂತಿದೆ, ಇಂಗ್ಲಿಷಿನಲ್ಲಿ ಅದು ಆತ್ಮ. ಆತ್ಮಕ್ಕೆ ಸಿಕ್ಕಿದ್ದು ಹನ್ನೆರಡನೆಯ ಸ್ಥಾನ. ಅದೇ ವರ್ಷದ ಎರಡನೆಯ ಕೂಟ ಕೌಲಾಲಂಪುರದಲ್ಲಿ ನಡೆದು, ಇಂಡೊನೇಷ್ಯಾದ ಬಿಗೆಟ್ರಾನ್ ತಂಡ ಎಲ್ಲರನ್ನೂ ಅಚ್ಚರಿಗೊಳಿಸಿತು. ಝಕ್ಸಿ, ಲಕ್ಸಿ ಎಂಬ ಅಡ್ಡಹೆಸರಿನ ಅವಳಿ ಸಹೋದರರು ಆ ತಂಡದಲ್ಲಿದ್ದರು.

ಆಮೇಲೆ ‘ಗ್ಲೋಬಲ್ ಚಾಂಪಿಯನ್‌ಷಿಪ್’ ಎಂಬ ಹೆಸರಿನಲ್ಲಿ ವರ್ಷಕ್ಕೊಂದು ಕಿರೀಟ ಎಂದಾಯಿತು. 2020ರ ಋತುವಿನ ಫೈನಲ್ 2021ರ ಜನವರಿಯಲ್ಲಿ ದುಬೈಯಲ್ಲಿ ನಡೆಯಿತು; ಕೋವಿಡ್ ಕಾಲವಾದ್ದರಿಂದ ಪ್ರೇಕ್ಷಕರಿಲ್ಲದ ಕ್ರೀಡಾಂಗಣ. ಗೆದ್ದದ್ದು ಚೀನಾದ ನೋವಾ. ಒಂದು ವರ್ಷ ಕಳೆದು ಮತ್ತೆ ಅದೇ ನೋವಾ. ಸತತ ಎರಡು ಸಲ ಈ ಕಿರೀಟ ಧರಿಸಿದ ತಂಡ ಅದು. ಅದರ ‘ಪ್ಯಾರಾಬಾಯ್’ ಎಂಬ ಆಟಗಾರ, ನಿಜ ಹೆಸರು ಝು ಬೊಚೆಂಗ್, ನಮ್ಮ ಹುಡುಗರ ಕೋಣೆಯ ಗೋಡೆಗಳನ್ನೂ ತಲುಪಿದ. 2023ರ ಜನವರಿಯಲ್ಲಿ ಜಕಾರ್ತದಲ್ಲಿ ಟರ್ಕಿಯ ಎಸ್‌ಟುಜಿ, ಅದೇ ಡಿಸೆಂಬರ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಮಂಗೋಲಿಯಾದ ಐಎಚ್‌ಸಿ, 2024ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ದಕ್ಷಿಣ ಕೊರಿಯಾದ ಡಿಪ್ಲಸ್ ಕಿಯಾ. ಕೊನೆಯ ಎರಡು ಕೂಟಗಳ ಒಟ್ಟು ಬಹುಮಾನ ತಲಾ 30 ಲಕ್ಷ ಡಾಲರ್.

ಈ ಪಟ್ಟಿಯಲ್ಲಿ ಮಂಗೋಲಿಯಾದ ಹೆಸರು ಬಂದಲ್ಲಿ ಸ್ವಲ್ಪ ನಿಲ್ಲಿ. ಆ ಇಡೀ ದೇಶದ ಜನಸಂಖ್ಯೆ ಸುಮಾರು 35 ಲಕ್ಷ. 2011ರ ಜನಗಣತಿಯಲ್ಲೇ ನಮ್ಮ ಬೆಂಗಳೂರು 84 ಲಕ್ಷ ದಾಟಿತ್ತು. ಇನ್ನು ಈ ಆಟವನ್ನು ಫೋನಿಗೆ ಇಳಿಸಿಕೊಂಡವರ ಲೆಕ್ಕ ತೆಗೆದರೆ, ಸೆನ್ಸರ್ ಟವರ್ ಸಂಸ್ಥೆಯ ಅಂದಾಜಿನಂತೆ 2020ರ ಹೊತ್ತಿಗೆ ಭಾರತದಲ್ಲಿ ಸುಮಾರು 17.5 ಕೋಟಿ ಡೌನ್‌ಲೋಡ್ ಆಗಿತ್ತು. ಜಗತ್ತಿನ ಹೆಚ್ಚುಕಡಿಮೆ ಕಾಲು ಭಾಗ! ಆಡುವವರಲ್ಲಿ ನಾವೇ ಮುಂದು. ಆದರೂ 2018ರಿಂದ 2024ರವರೆಗಿನ ಈ ಚಾಂಪಿಯನ್ನರಲ್ಲಿ ಒಂದೂ ಭಾರತೀಯ ತಂಡವಿಲ್ಲ.

ಗುರಿ ಸರಿಯಿಲ್ಲದ್ದಕ್ಕೆ ಎಂದುಕೊಂಡರೆ ತಪ್ಪಾದೀತು. ಈ ಆಟದ ಅಂಕಗಳ ಲೆಕ್ಕವನ್ನು ನೋಡಿ. ಒಂದು ಪಂದ್ಯದಲ್ಲಿ ಕೊನೆಯವರೆಗೆ ಉಳಿದ ತಂಡಕ್ಕೆ 10 ಅಂಕ, ಎರಡನೆಯದಕ್ಕೆ 6, ಮೂರನೆಯದಕ್ಕೆ 5, ನಾಲ್ಕನೆಯದಕ್ಕೆ 4, ಹೀಗೆ ಇಳಿಯುತ್ತಾ ಎಂಟನೆಯ ಸ್ಥಾನದವರೆಗೆ. ಜತೆಗೆ ಹೊಡೆದುರುಳಿಸಿದ ಪ್ರತಿ ಎದುರಾಳಿಗೆ ಒಂದೊಂದು. ಫೈನಲ್ ಎಂದರೆ ಒಂದು ಪಂದ್ಯವಲ್ಲ, ಮೂರ್ನಾಲ್ಕು ದಿನಗಳಲ್ಲಿ ಹರಡಿದ ಹದಿನೆಂಟೋ ಇಪ್ಪತ್ತನಾಲ್ಕೋ ಪಂದ್ಯಗಳು. ಆರು ಪಂದ್ಯಗಳ ಒಂದು ದಿನವನ್ನು ಊಹಿಸಿಕೊಳ್ಳಿ. ಒಂದು ತಂಡ ಎರಡರಲ್ಲಿ ಗೆದ್ದು, ಎರಡರಲ್ಲೂ ಏಳೇಳು ಜನರನ್ನು ಉರುಳಿಸಿತು: 34 ಅಂಕ. ಉಳಿದ ನಾಲ್ಕರಲ್ಲಿ ಆವೇಶದಿಂದ ನುಗ್ಗಿ, ಇಬ್ಬಿಬ್ಬರನ್ನು ಕೆಡವಿ ಬೇಗನೆ ಸತ್ತಿತು: 8. ಒಟ್ಟು 42. ಇನ್ನೊಂದು ತಂಡ ಒಂದರಲ್ಲೂ ಗೆಲ್ಲಲಿಲ್ಲ. ಮೂರು ಸಲ ಎರಡನೆಯ ಸ್ಥಾನ, ಪ್ರತಿ ಸಲ ಐದು ಬಲಿ: 33. ಮೂರು ಸಲ ನಾಲ್ಕನೆಯ ಸ್ಥಾನ, ನಾಲ್ಕು ಬಲಿ: 24. ಒಟ್ಟು 57. ‘ಚಿಕನ್ ಡಿನ್ನರ್’ ಒಂದೂ ಇಲ್ಲದೆ ಈ ತಂಡ ಹದಿನೈದು ಅಂಕ ಮುಂದಿದೆ!

ಎಂದರೆ ಇದು ಬಂದೂಕಿನ ಆಟದ ವೇಷ ತೊಟ್ಟ ತಾಳ್ಮೆಯ ಆಟ. ಮುಂದಿನ ವೃತ್ತ ಎಲ್ಲಿ ಬೀಳಬಹುದು, ಯಾವ ಗುಡ್ಡದ ಹಿಂದೆ ಯಾರಿದ್ದಾರೆ, ಈಗ ಗುಂಡು ಹಾರಿಸಬೇಕೇ ಸುಮ್ಮನಿರಬೇಕೇ ಎಂದು ನಾಲ್ವರೂ ಒಂದೇ ಬುದ್ಧಿಯಿಂದ ಯೋಚಿಸಬೇಕು. ತಂಡದಲ್ಲೊಬ್ಬ ನಾಯಕ ಇಯರ್‌ಫೋನಿನಲ್ಲಿ ಹೇಳಿದಂತೆ ಉಳಿದವರು ನಡೆಯಬೇಕು. ಇಂಥ ಹೊಂದಾಣಿಕೆ ಬರಲು ಅದೇ ನಾಲ್ವರು ಬಹುಕಾಲ ಜತೆಯಲ್ಲಿ ಆಡಬೇಕು, ಬಲವಾದ ಎದುರಾಳಿಗಳ ಎದುರು ಮೇಲಿಂದ ಮೇಲೆ ಸೋಲಬೇಕು. ನಮ್ಮಲ್ಲಿ ಕಡಿದುಹೋದದ್ದು ಈ ಎಳೆಯೇ.

ಭಾರತ ಶಿಖರದ ಹತ್ತಿರಕ್ಕೆ ಹೋದದ್ದು 2020ರ ಆಗಸ್ಟ್‌ನಲ್ಲಿ. ಆ ವರ್ಷದ ‘ವರ್ಲ್ಡ್ ಲೀಗ್’ನ ಪೂರ್ವ ವಿಭಾಗದ ಫೈನಲ್‌ನಲ್ಲಿ ಬಿಗೆಟ್ರಾನ್ ಮೊದಲು ಬಂದರೆ, ನಮ್ಮ ಆರೆಂಜ್ ರಾಕ್ ಎಂಬ ತಂಡ ಎರಡನೆಯದು. ಹಿಂದಿನ ವರ್ಷ ಹನ್ನೆರಡು, ಈ ವರ್ಷ ಎರಡು. ಮುಂದಿನ ಮೆಟ್ಟಿಲು ಯಾವುದೆಂದು ಯಾರಾದರೂ ಹೇಳಬಹುದಿತ್ತು. ತಿಂಗಳು ತುಂಬುವಷ್ಟರಲ್ಲಿ, ಸೆಪ್ಟೆಂಬರ್ 2ರಂದು, ಗಡಿಯಲ್ಲಿ ಚೀನಾದೊಡನೆ ಬಿಗುವು ಏರಿದ್ದ ಹೊತ್ತಿನಲ್ಲಿ ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಬ್‌ಜಿ ಮೊಬೈಲ್ ಅವುಗಳಲ್ಲಿ ಒಂದು. ನೋವಾ ಮೊದಲ ಕಿರೀಟ ಧರಿಸಿದಾಗ ಭಾರತದ ತಂಡ ಕಣದಲ್ಲೇ ಇರಲಿಲ್ಲ.

2021ರ ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಭಾರತಕ್ಕೆಂದೇ ಬೇರೆ ಹೆಸರಿನಲ್ಲಿ ತಂದಿತು. ಅದೇ ಬಿಜಿಎಂಐ. ತಂಡಗಳು ಮತ್ತೆ ಕಟ್ಟಿಕೊಂಡವು. ಹದಿಮೂರು ತಿಂಗಳು ತುಂಬುವ ಮೊದಲೇ, 2022ರ ಜುಲೈ 28ರಂದು, ಸರ್ಕಾರದ ಆದೇಶದ ಮೇರೆಗೆ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು. ಟರ್ಕಿ ಗೆದ್ದ ಜಕಾರ್ತದಲ್ಲೂ ನಾವಿಲ್ಲ. ಮರಳಿ ಬಂದದ್ದು 2023ರ ಮೇ ಕೊನೆಗೆ. ದೇಶದ ಭದ್ರತೆಯ ಪ್ರಶ್ನೆ ಬಂದಾಗ ಆಟ ಹಿಂದೆ ಸರಿಯಬೇಕಾದದ್ದೇ. ಆ ಬಗ್ಗೆ ತಕರಾರಿಲ್ಲ. ಆದರೆ ಹದಿನೇಳರ ಹುಡುಗನಿಗೆ ಎರಡು ಸಲ ಮೈದಾನವೇ ಮುಚ್ಚಿದರೆ ಅವನ ಆಟದ ಆಯುಸ್ಸಿನಲ್ಲಿ ಉಳಿಯುವುದೆಷ್ಟು?

ಹಾಗೆಂದು ಎಲ್ಲವನ್ನೂ ನಿಷೇಧದ ತಲೆಗೆ ಕಟ್ಟುವಂತೆಯೂ ಇಲ್ಲ. 2025ರ ಬೇಸಿಗೆಯಲ್ಲಿ ರಿಯಾದ್‌ನಲ್ಲಿ ನಡೆದ ಇದೇ ಆಟದ ವಿಶ್ವಕಪ್ ಗೆದ್ದದ್ದು ಯಾಂಗಾನ್ ಗ್ಯಾಲಾಕ್ಟಿಕೋಸ್, ನಮ್ಮ ನೆರೆಯ ಮ್ಯಾನ್ಮಾರಿನ ತಂಡ. 2021ರ ಸೇನಾ ಕ್ಷಿಪ್ರಕ್ರಾಂತಿಯ ಬಳಿಕ ಅಲ್ಲಿ ರಾತ್ರಿಯಿಡೀ ಇಂಟರ್‌ನೆಟ್ಟೇ ಕಡಿದುಹೋದ ದಿನಗಳಿದ್ದವು. ನಮ್ಮ ಹುಡುಗರಿಗೆ ಈ ಹೆಸರು ತುಸು ಚುಚ್ಚಿದರೆ ಒಳ್ಳೆಯದೇ.

ಆರೆಂಜ್ ರಾಕ್‌ನ ತಾರೆಯಾಗಿದ್ದ ತನ್ಮಯ್ ಸಿಂಗ್, ‘ಸ್ಕೌಟ್’ ಎಂದರೆ ಹುಡುಗರಿಗೆ ಕೂಡಲೇ ಗೊತ್ತಾಗುತ್ತದೆ, ಮುಂದೆ ಟೀಮ್ ಎಕ್ಸ್‌ಸ್ಪಾರ್ಕ್ ಎಂಬ ತನ್ನದೇ ತಂಡ ಕಟ್ಟಿದ. 2024ರಲ್ಲಿ ಹೈದರಾಬಾದಿನಲ್ಲಿ ನಡೆದ ರಾಷ್ಟ್ರೀಯ ಕೂಟವನ್ನು ಆ ತಂಡ ಗೆದ್ದಿತು. ಅಲ್ಲಿಯ ಒಟ್ಟು ಬಹುಮಾನ 2 ಕೋಟಿ ರೂಪಾಯಿ.

ಈಗ ಪೋಷಕರ ಪಾಳಿ. ಹಗಲೆಲ್ಲ ಐಟಿಪಿಎಲ್‌ನಲ್ಲಿ ಪರದೆ ನೋಡಿ ಸಂಬಳ ತರುವ ಅಪ್ಪ ಸಂಜೆ ಮನೆಗೆ ಬಂದು ಮಗನಿಗೆ ಪರದೆ ನೋಡಬೇಡ ಎನ್ನುವುದರಲ್ಲಿ ಸ್ವಲ್ಪ ತಮಾಷೆ ಇದೆ. ಕಾನೂನಿನ ಕಣ್ಣಿಗಂತೂ ಈ ಆಟ ಜೂಜಲ್ಲ. ಇ-ಕ್ರೀಡೆಯನ್ನು 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತರಲಾಯಿತು. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಆಟಗಳ ಕಾಯ್ದೆ ಹಣ ಪಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮಾನ್ಯತೆ ಕೊಟ್ಟಿದೆ. ನಿಮ್ಮ ಮಗ ಆಡುತ್ತಿರುವುದು ಎರಡರಲ್ಲಿ ಯಾವುದು ಎಂದು ಕೇಳುವುದು, ಫೋನು ಕಿತ್ತುಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. 2023ರಲ್ಲಿ ಬಿಜಿಎಂಐ ಮರಳಿದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇಟ್ಟಿತ್ತು. ಅಪ್ಪನ ಹೆಸರಿನ ಖಾತೆಯಲ್ಲಿ ಆಡಿದರೆ ಆ ಮಿತಿ ತಪ್ಪಿಸಿಕೊಳ್ಳಬಹುದೆಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ!

ಆಟ ಯಾವಾಗ ಕಾಯಿಲೆಯಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ; ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪಿ, ಊಟ, ನಿದ್ದೆ, ಓದು, ಗೆಳೆತನಕ್ಕಿಂತ ಅದೇ ದೊಡ್ಡದಾಗಿ, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದೆ, ಸಾಮಾನ್ಯವಾಗಿ ವರ್ಷವಿಡೀ ಹಾಗೆಯೇ ನಡೆದರೆ ಅದು ಕಾಯಿಲೆ. ಪರೀಕ್ಷೆಯ ಹಿಂದಿನ ವಾರ ಎರಡು ಗಂಟೆ ಆಡಿದ್ದು ಕಾಯಿಲೆಯಲ್ಲ, ಸೋಮಾರಿತನ. ನಿಜವಾಗಿ ಅನುಮಾನವಿದ್ದವರಿಗೆ ನಮ್ಮ ಊರಿನ ನಿಮ್ಹಾನ್ಸ್‌ನಲ್ಲೇ ‘ಷಟ್’ ಎಂಬ ಚಿಕಿತ್ಸಾಲಯ 2014ರಿಂದ ಇದೆ.

ಇನ್ನು ಓದು ಬಿಟ್ಟು ಪೂರ್ತಿ ಇದಕ್ಕೇ ಇಳಿಯುತ್ತೇನೆ ಎನ್ನುವವರಿಗೆ ಎರಡು ಅಂಕಿ. ಅಧಿಕೃತ ಕೂಟಗಳಲ್ಲಿ ಆಡಲು ಹದಿನಾರು ತುಂಬಿರಬೇಕು, ಮನೆಯವರ ಒಪ್ಪಿಗೆಯೂ ಬೇಕು. ವಿಶ್ವ ಫೈನಲ್‌ಗೆ ಏರುವವರು ಇಡೀ ಭೂಮಂಡಲದಿಂದ ಹದಿನಾರು ತಂಡ, 64 ಆಟಗಾರರು, ಅದೂ ಡಿಸೆಂಬರ್‌ ಸುಮಾರಿಗೆ. ಮಾರ್ಚ್‌ ಬಂದರೆ ಕರ್ನಾಟಕವೊಂದರಲ್ಲೇ ದ್ವಿತೀಯ ಪಿಯುಸಿ ಪರೀಕ್ಷೆಗೆ ಕೂರುವವರು ಆರು ಲಕ್ಷಕ್ಕೂ ಹೆಚ್ಚು.