ಹರೆಯದಲ್ಲೇ ಡಿಸ್ಕ್ ಆಪರೇಷನ್ ಆದರೆ ಮುಂದೆ ದುಡಿಯೋಕಾಗಲ್ವಾ?

“ಬೆನ್ನಿನ ಆಪರೇಷನ್ ಆಯ್ತು ಅಂದ್ರೆ ಮುಗೀತು, ಮುಂದೆ ಕೆಲಸಕ್ಕೆ ಬರಲ್ಲ” ಎಂಬ ಮಾತನ್ನು ನೀವೂ ಕೇಳಿರಬಹುದು. ನರೇಗಲ್, ರೋಣ, ಗಜೇಂದ್ರಗಡದ ಕಡೆ ಈ ಮಾತಿನ ಭಯ ಇನ್ನೂ ಹೆಚ್ಚು. ಒಂದು ಯೂರಿಯಾ ಚೀಲವೇ 45 ಕೆ.ಜಿ. ತೂಗುತ್ತದೆ. ಉಳ್ಳಾಗಡ್ಡಿ, ಕಡಲೆ, ಮೆಕ್ಕೆಜೋಳದ ಚೀಲ ಹೊರುವುದು, ಹೊಲದಲ್ಲಿ ಬಾಗಿ ಕಳೆ ತೆಗೆಯುವುದು, ಮಗ್ಗದ ಮುಂದೆ ದಿನವಿಡೀ ಕೂರುವುದು ಇಲ್ಲಿನ ಎಷ್ಟೋ ಮನೆಗಳ ಜೀವನ. 25ರ ಹುಡುಗನಿಗೆ ಡಿಸ್ಕ್ ತೊಂದರೆ ಅಂದರೆ ಮನೆಯವರಿಗೆ ಮೊದಲು ನೆನಪಾಗುವುದು ದುಡಿಮೆ, ಆಮೇಲೆ ಮದುವೆ. ಹಾಗಾಗಿ ಆಪರೇಷನ್ ಬಗ್ಗೆ ನಿಜವಾಗಿ ಏನು ಗೊತ್ತಿದೆ ಎಂದು ನೋಡೋಣ.

ಡಿಸ್ಕ್ ಜಾರುತ್ತದೆಯೇ?

ಬೆನ್ನುಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್. ಇದರ ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಮೆದುವಾದ ತಿರುಳು ಇರುತ್ತದೆ. ಉಂಗುರ ಬಿರಿದಾಗ ತಿರುಳು ಹೊರಗೆ ಉಬ್ಬಿ ಪಕ್ಕದ ನರವನ್ನು ಒತ್ತಬಹುದು. ಆಗ ನೋವು ಟೊಂಕದಿಂದ ತೊಡೆ, ಮೀನಖಂಡ ದಾಟಿ ಪಾದದವರೆಗೂ ಇಳಿಯುತ್ತದೆ. ಇದನ್ನೇ ಸಯಾಟಿಕಾ ಎನ್ನುತ್ತಾರೆ. ಮೆತ್ತೆ ತನ್ನ ಜಾಗ ಬಿಟ್ಟು ಜಾರುವುದಿಲ್ಲವಾದ್ದರಿಂದ ತಿಕ್ಕಿಸಿ, ತುಳಿಸಿ ಅದನ್ನು ‘ಕೂರಿಸಲು’ ಬರುವುದಿಲ್ಲ.

ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದು ಬಂದ ಮಾತ್ರಕ್ಕೆ ಆಪರೇಷನ್ ಬೇಕೆಂದಿಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯ ಪ್ರಕಾರ, ಯಾವ ನೋವೂ ಇಲ್ಲದ 20 ವರ್ಷದವರಲ್ಲೂ ಸುಮಾರು ಶೇ. 30ರಷ್ಟು ಜನರಿಗೆ ಉಬ್ಬಿದ ಡಿಸ್ಕ್ ಇರುತ್ತದೆ. ವರದಿ, ನೋವು, ಕಾಲಿನ ಶಕ್ತಿ ಮೂರೂ ಒಂದಕ್ಕೊಂದು ತಾಳೆಯಾಗಬೇಕು.

ಕಾಯಬಹುದೇ?

ಹೆಚ್ಚಿನವರು ಕಾಯಬಹುದು. ಹೊರಬಂದ ತಿರುಳನ್ನು ದೇಹವೇ ನಿಧಾನವಾಗಿ ಕರಗಿಸುತ್ತದೆ. ಬಹಳಷ್ಟು ಜನರಿಗೆ 6ರಿಂದ 12 ವಾರಗಳಲ್ಲಿ ನೋವು ಇಳಿಯುತ್ತದೆ.

2007ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ತೀವ್ರ ಸಯಾಟಿಕಾ ಇದ್ದ 283 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಔಷಧಿ ಕೊಟ್ಟು ಕಾಯುವುದು. ಬೇಗ ಆಪರೇಷನ್ ಗುಂಪಿನವರು ಸುಮಾರು 4 ವಾರದಲ್ಲಿ ಚೇತರಿಸಿಕೊಂಡರೆ, ಕಾದವರಿಗೆ ಸುಮಾರು 12 ವಾರ ಹಿಡಿಯಿತು. ಕಾದವರಲ್ಲಿ ಶೇ. 39 ಜನ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಆದರೆ ವರ್ಷ ಕಳೆಯುವ ಹೊತ್ತಿಗೆ ಎರಡೂ ಗುಂಪುಗಳಲ್ಲಿ ಶೇ. 95 ಜನ ಚೇತರಿಸಿಕೊಂಡಿದ್ದರು. ಅಂದರೆ ಹೆಚ್ಚಿನವರಿಗೆ ಆಪರೇಷನ್ನಿನಿಂದ ಸಿಗುವ ಮುಖ್ಯ ಲಾಭ ಬೇಗ ಸಿಗುವ ಆರಾಮ. ದಿನಗೂಲಿ ಕಳೆದುಕೊಳ್ಳುವವರಿಗೆ ಅದೂ ಸಣ್ಣ ಲಾಭವಲ್ಲ.

ಕಾಯಲೇಬಾರದ ಸಂದರ್ಭಗಳೂ ಇವೆ. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು ಹಿಡಿಯುವುದು, ಪಾದ ಎತ್ತಲಾಗದಷ್ಟು ಶಕ್ತಿ ಕುಂದುತ್ತಾ ಹೋಗುವುದು. ಇಂಥದ್ದು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಲಕ್ವಾ ಹೊಡೆಯುತ್ತದೆಯೇ?

ಸಾಮಾನ್ಯವಾಗಿ ಮಾಡುವ ಮೈಕ್ರೋಡಿಸೆಕ್ಟಮಿಯಲ್ಲಿ ನರವನ್ನು ಒತ್ತುತ್ತಿರುವ ತುಣುಕನ್ನಷ್ಟೇ ತೆಗೆಯುತ್ತಾರೆ, ಇಡೀ ಡಿಸ್ಕನ್ನಲ್ಲ. ತೊಂದರೆ ಹೆಚ್ಚಾಗಿ ಟೊಂಕದ ಕೊನೆಯ ಎರಡು ಡಿಸ್ಕ್‌ಗಳಲ್ಲಿರುತ್ತದೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ, ಅಲ್ಲಿ ಇರುವುದು ನರಗಳ ಎಳೆಗಳು. ಸೋಂಕು, ನರದ ಪೊರೆ ಹರಿಯುವುದು, ನರಕ್ಕೆ ಪೆಟ್ಟು ಬೀಳುವುದು ಸಾಧ್ಯ, ಆದರೆ ಎರಡೂ ಕಾಲು ಸ್ವಾಧೀನ ತಪ್ಪುವುದು ತೀರಾ ಅಪರೂಪ. ಈ ಆಪರೇಷನ್‌ನಿಂದ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ.

ಕಾಲಿನ ನೋವು ಬೇಗ ಹೋಗುತ್ತದೆ. ಬೆನ್ನುನೋವು ಅಷ್ಟು ಖಚಿತವಾಗಿ ಹೋಗುವುದಿಲ್ಲ. ಜೋಮು ಮತ್ತು ನಿಶ್ಶಕ್ತಿ ಸರಿಹೋಗಲು ತಿಂಗಳುಗಳೇ ಬೇಕಾಗಬಹುದು. 100 ಜನರಲ್ಲಿ ಸುಮಾರು 5ರಿಂದ 15 ಜನರಿಗೆ ಅದೇ ಡಿಸ್ಕ್ ಮತ್ತೆ ಉಬ್ಬುವುದೂ ಉಂಟು.

ಹರೆಯದವರಿಗೆ ಹೇಗೆ?

ಸ್ವೀಡನ್ನಿನ ರಾಷ್ಟ್ರೀಯ ಬೆನ್ನು ಆಪರೇಷನ್ ದಾಖಲೆಗಳನ್ನು ನೋಡಿದಾಗ, 18ರೊಳಗಿನವರಲ್ಲಿ ‘ನಮಗೆ ಸಮಾಧಾನವಾಗಿದೆ’ ಎಂದವರ ಪಾಲು ದೊಡ್ಡವರಿಗಿಂತ ಹೆಚ್ಚೇ ಇತ್ತು. ಆದರೆ ಹರೆಯದವರು ಇನ್ನೂ ನಾಲ್ಕೈದು ದಶಕ ಅದೇ ಬೆನ್ನಿನಿಂದ ದುಡಿಯಬೇಕು.

ಕ್ರಿಕೆಟಿಗ ಶ್ರೇಯಸ್ ಅಯ್ಯರ್ ಉದಾಹರಣೆ ನೋಡಿ. 28ನೇ ವಯಸ್ಸಿನಲ್ಲಿ, 2023ರ ಏಪ್ರಿಲ್‌ನಲ್ಲಿ ಬೆನ್ನಿನ ಆಪರೇಷನ್ ಆಯಿತು. ಡಿಸ್ಕ್ ನರವನ್ನು ಒತ್ತಿ ಕಾಲ್ಬೆರಳಿನವರೆಗೂ ನೋವಿತ್ತೆಂದು ಅವರೇ ಹೇಳಿಕೊಂಡಿದ್ದರು. ಅದೇ ವರ್ಷದ ವಿಶ್ವಕಪ್‌ನಲ್ಲಿ 530 ರನ್ ಹೊಡೆದರು. 2025ರಲ್ಲಿ ಬೆನ್ನು ಹಿಡಿಯುತ್ತಿದೆ ಎಂದು ಕೆಂಪು ಚೆಂಡಿನ ಆಟದಿಂದ ಆರು ತಿಂಗಳು ಬಿಡುವು ಪಡೆದರು. ಆಪರೇಷನ್ ಆದವರು ದೊಡ್ಡ ಕೆಲಸಕ್ಕೆ ಮರಳಬಹುದು, ಆದರೆ ಬೆನ್ನನ್ನು ಮರೆಯುವಂತಿಲ್ಲ.

ಕೆಲಸಕ್ಕೆ ಯಾವಾಗ?

ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ನಡೆಸುತ್ತಾರೆ. ಕುರ್ಚಿ ಕೆಲಸಕ್ಕೆ 2ರಿಂದ 4 ವಾರ, ಭಾರದ ಕೆಲಸಕ್ಕೆ 6ರಿಂದ 12 ವಾರ ಬೇಕಾಗಬಹುದು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. 4ರಿಂದ 6 ವಾರದ ಹೊತ್ತಿಗೆ ವ್ಯಾಯಾಮ ಶುರು ಮಾಡಿದರೆ ನೋವು ಬೇಗ ಇಳಿಯುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಬೀಡಿ, ಸಿಗರೇಟು ಬಿಡಲೇಬೇಕು.

ನಮ್ಮ ಕಡೆ ಸೋಲುವುದು ಇಲ್ಲೇ. ಆಪರೇಷನ್‌ಗೆ ಗದಗ, ಹುಬ್ಬಳ್ಳಿಗೆ ಹೋಗುವವರು, ಫಿಸಿಯೋಥೆರಪಿಗೆಂದು ವಾರಕ್ಕೆರಡು ಸಲ ಬಸ್ ಹತ್ತಿ ಕೂಲಿ ಬಿಡಲು ಆಗುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ದಿನವೇ ಮನೆಯಲ್ಲಿ ಮಾಡುವ ವ್ಯಾಯಾಮಗಳನ್ನು ಕನ್ನಡದಲ್ಲಿ ಬರೆಸಿಕೊಳ್ಳಿ, ಒಮ್ಮೆ ಅವರ ಮುಂದೆಯೇ ಮಾಡಿ ತೋರಿಸಿ. ಯಾವ ವಾರ ಎಷ್ಟು ಕೆ.ಜಿ. ಎತ್ತಬಹುದು ಎಂದೂ ಕೇಳಿ.

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ, ರೆಫರಲ್ ಚೀಟಿ ಬೇಕೇ ಎಂದು ವಿಚಾರಿಸಿಕೊಳ್ಳಿ. ಸಾಲ ಮಾಡುವ ಮಾತು ಆಮೇಲೆ.